ಗವಸು ಮೇಸ್ತ್ರಿಯ ಎಡಗೈ

ಅವರ ಎಡಗೈಯನ್ನು ಬರಿದಾಗಿ ಕಂಡವರು ನಮ್ಮ ಓಣಿಯಲ್ಲಿ ಬೆರಳೆಣಿಕೆಯಷ್ಟು ಮಂದಿ. ಬಿಸಿಲಿಗೆ ರಸ್ತೆಯ ಡಾಂಬರು ಕರಗಿ ಚಪ್ಪಲಿಗೆ ಅಂಟುವ ದಿನಗಳಲ್ಲೂ ಆ ಕೈ ಕಂದುಬಣ್ಣದ ಉಣ್ಣೆಯ ಗವಸಿನೊಳಗೆ, ಈಗಷ್ಟೇ ಮೊಟ್ಟೆಯೊಡೆದು ಬಂದ ಹಕ್ಕಿಮರಿಯಂತೆ, ಹೊಟ್ಟೆಗೆ ಆತುಕೊಂಡು ಮಲಗಿರುತ್ತಿತ್ತು. ಲೋಕದ ಸಕಲ ಚಾಕರಿಯೂ ಬಲಗೈಯ ಪಾಲು. ನೀರಿನ ಬಕೆಟ್ಟು ಎತ್ತುವುದಕ್ಕೂ ಅದೇ, ಶೆಡ್ಡಿನ ಕಬ್ಬಿಣದ ಬಾಗಿಲನ್ನು ಕಿರುಗುಟ್ಟಿಸುತ್ತ ಸರಿಸುವುದಕ್ಕೂ ಅದೇ. ಲಾಡಿ ಕಟ್ಟಲು ಎರಡು ಕೈ ಬೇಕೆಂಬ ಒಂದೇ ಕಾರಣಕ್ಕೆ ಅವರು ಲಾಡಿಯಿಲ್ಲದ ಬೂಟು ಹಾಕುತ್ತಿದ್ದರು. ಚಪ್ಪಾಳೆ ತಟ್ಟಬೇಕಾಗಿ ಬರುವ ಸಭೆಗಳ ಹತ್ತಿರ ಸುಳಿಯುತ್ತಲೇ ಇರಲಿಲ್ಲ. ಕೈಗೆ ಏನೋ ಪೆಟ್ಟಾಗಿರಬೇಕೆಂದು ಹೊಸಬರು ಮರುಗಿ ವಿಚಾರಿಸಿದರೆ, "ಪೆಟ್ಟಾಗಬಾರದು ಅಂತ್ಲೇ ಹಾಕಿರೋದು. ಭಾರ ಎತ್ತಿದ ಕೈ ಕಿವುಡಾಗುತ್ತೆ" ಎಂದು ಹೇಳಿ, ಆ ವಿಷಯದ ಬಾಗಿಲನ್ನೂ ಎಳೆದುಬಿಡುತ್ತಿದ್ದರು. ಅವರಿಗೆ ತಾಯಿತಂದೆಯರಿಟ್ಟ ಹೆಸರು ಏನಿತ್ತೋ, ಓಣಿಯ ಪಾಲಿಗೆ ಅವರು ಗವಸು ಮೇಸ್ತ್ರಿ.

ಮೇಸ್ತ್ರಿ ಎಂದೊಡನೆ ಮೊಣಕೈವರೆಗೆ ಎಣ್ಣೆ ಬಳಿದುಕೊಂಡು ಇಂಜಿನ್ನಿನ ಹೊಟ್ಟೆಯೊಳಗೆ ತಲೆಯಿಟ್ಟ ಮನುಷ್ಯನೊಬ್ಬನನ್ನು ಕಲ್ಪಿಸಿಕೊಂಡರೆ ತಪ್ಪಾದೀತು. ಇಂಜಿನ್ನು, ಬ್ರೇಕು, ಬಣ್ಣ, ಚಕ್ರ ಇವೆಲ್ಲ ಅವರ ಮಾತಿನಲ್ಲಿ "ಬೇರೆಯವರ ಹೊಟ್ಟೆಪಾಡು". ಅವರಿಗೆ ಗೊತ್ತಿದ್ದ ಕೆಲಸ ಒಂದೇ. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ, ಎರಡೇ ಸೀಟಿನ, ಈಗ ಯಾರೂ ತಯಾರಿಸದ ಹಳೆಯ ಸ್ಪೋರ್ಟ್ಸ್ ಕಾರುಗಳ ಗೇರ್ ಲಿವರನ್ನು ಓಡಿಸುವವರ ಕೈಗೆ ಹೊಂದಿಸಿಕೊಡುವುದು. ಲಿವರಿನ ಬುಡದಲ್ಲಿ ಒಂದು ಗುಂಡು, ಗುಂಡು ಕೂರಲು ಒಂದು ಬಟ್ಟಲು, ಬಟ್ಟಲನ್ನು ಒತ್ತಿಹಿಡಿಯುವ ಸ್ಪ್ರಿಂಗು, ಅಲ್ಲಿಂದ ಕಾರಿನ ಬೆನ್ನುಮೂಳೆಯೊಳಗೆ ಹಾದು ಗೇರ್‌ಬಾಕ್ಸಿಗೆ ಸೇರುವ ಒಂದು ಸರಳು. ಇಷ್ಟೇ ಅವರ ಸಾಮ್ರಾಜ್ಯ. ಕಾರು ಬಂದೊಡನೆ ಅವರು ಬಾಗಿಲು ತೆಗೆದು ಒಳಗೆ ಕೂತು, ಗವಸನ್ನು ಒಂದೊಂದೇ ಬೆರಳಿನಿಂದ ಬಿಡಿಸಿ ತೊಡೆಯ ಮೇಲಿಟ್ಟು, ಬಿಳುಚಿಕೊಂಡು ಮೆತ್ತಗಾಗಿದ್ದ, ಬಾಣಂತಿಯ ಅಂಗಾಲಿನಂಥ ಆ ಅಂಗೈಯನ್ನು ಲಿವರಿನ ತಲೆಯ ಮೇಲೆ ಊರಿ, ಕಣ್ಣು ಮುಚ್ಚುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು, ಮತ್ತೆ ನಡುವಿಗೆ. ಬಟ್ಟಲು ಎಲ್ಲಿ ಸವೆದಿದೆ, ಸರಳು ಎಷ್ಟು ಜರುಗಿದೆ ಎಂಬುದೆಲ್ಲ ಅಂಗೈಯಿಂದ ಮೊಣಕೈಗೆ ಹತ್ತಿ ಅವರ ಮುಖದ ಮೇಲೆ ಕಾಣಿಸಿಕೊಳ್ಳುತ್ತಿತ್ತು. "ಗೇರು ಬೀಳಬಾರದು, ಕೂರಬೇಕು" ಎಂಬುದು ಅವರ ಏಕಮಾತ್ರ ಸಿದ್ಧಾಂತ.

ಅವರ ಶೆಡ್ಡಿನ ಎದುರಿಗೆ ಕಾಗದದ ಗೋದಾಮು, ಗೋದಾಮಿನ ಮೇಲಿನ ಒಂಟಿ ಕೋಣೆಯಲ್ಲಿ ನಾನು. ಹನ್ನೊಂದು ವರ್ಷ ಆ ಕಿಟಕಿಯಿಂದ ಅವರನ್ನು ನೋಡಿದ್ದೇನೆ. ಗೋಡೆಯ ಪಕ್ಕದಲ್ಲೇ, ರಸ್ತೆಯ ನಡುಭಾಗವನ್ನು ಇನ್ಯಾರಿಗೋ ಬಿಟ್ಟುಕೊಟ್ಟವರ ಹಾಗೆ, ಒಂದು ಭುಜ ಮುಂದು ಮಾಡಿ ನಡೆಯುತ್ತಿದ್ದರು. ಏನು ಕೇಳಿದರೂ ಮೊದಲ ಉತ್ತರ "ನೋಡೋಣ, ಇರಿ". ಕಾರು ಯಾವಾಗ ಸಿಗುತ್ತೆ ಎಂದರೆ "ನೋಡೋಣ, ಇರಿ" ಎನ್ನುವುದು ಸರಿ. ಊಟ ಆಯಿತೇ ಎಂದರೂ "ನೋಡೋಣ, ಇರಿ" ಎಂದು ಒಂದು ಕ್ಷಣ ಹೊಟ್ಟೆಯನ್ನೇ ವಿಚಾರಿಸಿಕೊಂಡವರಂತೆ ನಿಂತು ಆಮೇಲೆ "ಆಯ್ತು" ಎನ್ನುತ್ತಿದ್ದರು. ದೂರದೂರಿನಲ್ಲಿ ಸಂಸಾರ ಹೂಡಿದ್ದ ತಂಗಿಯೊಬ್ಬಳ ಹೊರತು ಅವರಿಗೆ ತಮ್ಮವರೆಂಬುವರು ಇರಲಿಲ್ಲ. ಮದುವೆಯ ಮಾತು ಬಂದಾಗಲೂ ಬಹುಶಃ "ನೋಡೋಣ, ಇರಿ" ಎಂದಿರಬೇಕು; ಹುಡುಗಿಯ ಕಡೆಯವರು ಅಷ್ಟು ಹೊತ್ತು ಇರಲಿಲ್ಲ. ತಂಗಿ ವರ್ಷಕ್ಕೊಂದು ಜೊತೆ ಗವಸು ಹೆಣೆದು ಅಂಚೆಯಲ್ಲಿ ಕಳಿಸುತ್ತಿದ್ದಳು. ಎಡಗೈಯದು ಬಳಕೆಗೆ, ಬಲಗೈಯದು ಮಡಿಕೆ ಮುರಿಯದ ಹಾಗೆ ತಗಡಿನ ಟ್ರಂಕಿಗೆ. "ಒಂದೇ ಹೆಣೆಯಮ್ಮ, ಸಾಕು" ಎಂದು ಅಣ್ಣ ಬರೆದರೆ, "ಒಂದೇ ಹೆಣೆದ್ರೆ ಕೈ ಕಳ್ಕೊಂಡವನಿಗೆ ಹೆಣೆದ ಹಾಗಾಗುತ್ತೆ, ನನ್ನಿಂದಾಗಲ್ಲ" ಎಂದು ತಂಗಿಯ ಉತ್ತರ. ಹೀಗೆ ಇಪ್ಪತ್ತಮೂರು ಬಲಗೈಗಳು ಆ ಟ್ರಂಕಿನಲ್ಲಿ ಒಂದರ ಮೇಲೊಂದು ಒರಗಿ ನಿದ್ದೆಹೋಗಿದ್ದವು.

ಕೆಲಸದ ವಿಷಯದಲ್ಲಿ ಅವರದು ಕಲ್ಲಿನಂಥ ನಿಯಮ: ಕೆಟ್ಟದ್ದನ್ನು ಬಿಡಬಾರದು, ಸರಿಯಾದದ್ದನ್ನು ಮುಟ್ಟಬಾರದು. ಒಮ್ಮೆ ಬಟ್ಟೆ ಗಿರಣಿಯ ಯಜಮಾನರೊಬ್ಬರು ತಮ್ಮ ಕಾರನ್ನು ತಂದು, ಗೇರು ಹಾಕುವಾಗಲೆಲ್ಲ ಕರಕರ ಎನ್ನುತ್ತದೆಂದು ದೂರಿದರು. ಮೇಸ್ತ್ರಿ ಒಳಗೆ ಕೂತು, ಗವಸು ಬಿಚ್ಚಿ, ಒಂದೇ ಒಂದು ಸಲ ಲಿವರನ್ನು ಆಡಿಸಿ, ಗವಸನ್ನು ಮತ್ತೆ ಏರಿಸಿಕೊಂಡು ಇಳಿದು ಬಂದರು.

"ಕಾರು ಸರಿ ಇದೆ. ನಿಮ್ಮ ಬೂಟು ಸರಿ ಇಲ್ಲ."

ಯಜಮಾನರು ಕೆಂಪೇರಿದರು. ಅವರ ಹೊಸ ಬೂಟಿನ ಅಟ್ಟೆ ಇಟ್ಟಿಗೆಯಷ್ಟು ದಪ್ಪ. ಕ್ಲಚ್ಚು ಪೂರ್ತಿ ತಳಕ್ಕೆ ಇಳಿಯುತ್ತಲೇ ಇರಲಿಲ್ಲ. ಬಂದ ದಾರಿಗೆ ಸುಂಕವಿಲ್ಲವೆಂದು ಬರಿಗಾಲಲ್ಲಿ ಓಡಿಸಿಕೊಂಡು ಹೋದರು, ಕಾರು ಬೆಣ್ಣೆಯಂತೆ ಹೋಯಿತು. ನಯಾಪೈಸೆ ಸಿಗಲಿಲ್ಲವಲ್ಲ ಎಂದು ನಾನು ಛೇಡಿಸಿದರೆ, "ಸರಿ ಇರೋ ನಟ್ಟನ್ನ ಒಂದ್ಸಲ ಬಿಚ್ಚಿದ್ರೆ, ಇನ್ಮೇಲೆ ನಾನು ಬಿಚ್ಚಿದ್ದೆಲ್ಲ ಸುಳ್ಳೇ" ಎಂದರು. ಅಂಥ ಮನುಷ್ಯನ ಬಾಳಿನಲ್ಲಿ ನಡೆದದ್ದನ್ನೇ ನಾನು ಹೇಳಹೊರಟಿರುವುದು. ಅವರ ಬಾಯಿಂದಲೇ, ಹನಿಹನಿಯಾಗಿ, ಎರಡು ವರ್ಷಗಳ ಅವಧಿಯಲ್ಲಿ ನನಗಿದು ತಿಳಿದದ್ದು.

ದಾಳಿಂಬೆ ಸಿಪ್ಪೆ ಒಣಗಿದಾಗ ಬರುವಂಥ ಬಣ್ಣದ ಒಂದು ಕಾರು ವರ್ಷಕ್ಕೆರಡು ಸಲ ತಪ್ಪದೆ ಅವರಲ್ಲಿಗೆ ಬರುತ್ತಿತ್ತು. ಅದರ ಒಡೆಯರು ಹಲ್ಲಿನ ಡಾಕ್ಟರು. ಆರಡಿಯ ಮೇಲೆ ನಾಲ್ಕು ಬೆರಳು ಎತ್ತರದ, ನಕ್ಕರೆ ಶೆಡ್ಡಿನ ತಗಡು ಅದುರುವಂಥ ಆಸಾಮಿ. ಗೇರು ಬಿಗಿಯಾಗಿರಬೇಕು ಅವರಿಗೆ. "ಹಲ್ಲು ಕಿತ್ತ ಹಾಗಿರ್ಬೇಕು ಮೇಸ್ತ್ರಿ! ನನ್ನ ಕಸುಬೂ ಹಲ್ಲು, ನಿನ್ನ ಗೇರ್‌ಬಾಕ್ಸಲ್ಲಿರೋದೂ ಹಲ್ಲು" ಎಂದು ಇಪ್ಪತ್ತೊಂದು ವರ್ಷ ಅದೇ ನಗೆಚಟಾಕಿಯನ್ನು ಹೊಸದೆಂಬಂತೆ ಹೇಳಿದರು. ಮೇಸ್ತ್ರಿಗೆ ಆ ಬಿಗಿ ಇಷ್ಟವಿರಲಿಲ್ಲ. ಆದರೆ ಕೈ ಯಾರದೋ ಗೇರು ಅವರದು. ಗಟ್ಟಿ ಸ್ಪ್ರಿಂಗು ಹಾಕಿ, ಲಿವರನ್ನು ಆ ಉದ್ದ ತೋಳಿಗೆ ಹೊಂದಿಸಿ ಕೊಟ್ಟಿದ್ದರು. ಆಮೇಲೊಮ್ಮೆ ಬರಬೇಕಾದ ಹೊತ್ತಿಗೆ ಕಾರು ಬರಲಿಲ್ಲ. ಡಾಕ್ಟರು ತೀರಿಹೋದರೆಂದು ಬೇರೆ ಗಿರಾಕಿಯೊಬ್ಬರಿಂದ ಗೊತ್ತಾಯಿತು.

ಆ ಸುದ್ದಿ ಬಂದು ಹತ್ತು ತಿಂಗಳು ಕಳೆದ ಮೇಲೆ ಒಂದು ಗುರುವಾರ ಸಂಜೆ ನಾಲ್ಕರ ಹೊತ್ತಿಗೆ, ಓಣಿಯ ತುದಿಯಲ್ಲಿ ಇಂಜಿನ್ನೊಂದು ಪ್ರಾಣ ಹೋಗುವಂತೆ ಅರಚುವುದು ಕೇಳಿಸಿತು. ಮೇಸ್ತ್ರಿ ಎದ್ದು ಹೊರಬಂದರು. ದಾಳಿಂಬೆ ಬಣ್ಣದ ಅದೇ ಕಾರು ಮೊದಲನೇ ಗೇರಿನಲ್ಲೇ ಏದುಸಿರು ಬಿಡುತ್ತ ತೆವಳಿ ಬಂದು, ಶೆಡ್ಡಿನ ಮುಂದೆ ಒಮ್ಮೆ ಜಿಗಿದು ಆರಿಹೋಯಿತು. ಸ್ಟಿಯರಿಂಗಿನ ಹಿಂದೆ, ಕುತ್ತಿಗೆ ಉದ್ದ ಮಾಡಿಕೊಂಡು ಕೂತಿದ್ದ ಐವತ್ತೆಂಟರ ಆಸುಪಾಸಿನ ಪುಟ್ಟ ಹೆಂಗಸು ಡಾಕ್ಟರ ಹೆಂಡತಿ. ನಕ್ಷೆಗಳನ್ನು ಬರೆಯುವ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಶಾಯಿಯ ಗೆರೆ ಎಳೆದು ನಿವೃತ್ತರಾದವರು. ಮುಖವೆಲ್ಲ ಬೆವರು.

"ಮನೆಯಿಂದ ಇಲ್ಲೀವರೆಗೂ ಮೊದಲನೇ ಗೇರಲ್ಲೇ ಬಂದೆ ಮೇಸ್ತ್ರಿಗಳೇ. ಎರಡನೇದು ನನ್ನ ಕೈಗೆ ಬರ್ತಾನೇ ಇಲ್ಲ."

"ಎಷ್ಟು ದೂರ ಮೇಡಂ?"

"ನಾಲ್ಕು ಕಿಲೋಮೀಟರು. ಹಿಂದೆ ಬಂದೋರೆಲ್ಲ ನಂಗೆ ಗೊತ್ತಿಲ್ಲದ ಭಾಷೆಗಳಲ್ಲಿ ಬೈದ್ರು."

ಮೇಸ್ತ್ರಿ ನಕ್ಕರು. ಅವರು ಜೋರಾಗಿ ನಕ್ಕದ್ದನ್ನು ಕಿಟಕಿಯಿಂದ ನಾನು ಕಂಡದ್ದು ಅದೇ ಮೊದಲು.

ಗಂಡ ಬದುಕಿದ್ದಷ್ಟು ಕಾಲ ಆಕೆ ಆ ಕಾರಿನ ಎಡಸೀಟಿನವರು. "ಊರಿನ ಎಲ್ಲ ರಸ್ತೆನೂ ಗೀಚಿದೀನಿ, ಒಂದರಲ್ಲೂ ನಾನೇ ಓಡಿಸ್ಕೊಂಡು ಹೋಗಿಲ್ಲ" ಎಂದರು. ಯಾವತ್ತಾದರೂ ಕೇಳಿದರೆ ಡಾಕ್ಟರು ತಮ್ಮ ತಗಡು ಅದುರಿಸುವ ನಗೆ ನಕ್ಕು, "ನಿನ್ನ ಕೈಗೆ ಇದು ಬಗ್ಗಲ್ಲ ಬಿಡು" ಎನ್ನುತ್ತಿದ್ದರಂತೆ. ಅವರು ಹೋದ ಮೇಲೆ ಆಕೆ ಯಾರಿಗೂ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿ, ಮೊಮ್ಮಕ್ಕಳ ವಯಸ್ಸಿನವರ ಜೊತೆ ಸಾಲಿನಲ್ಲಿ ನಿಂತು ಲೈಸೆನ್ಸು ಪಡೆದಿದ್ದರು.

ಮೇಸ್ತ್ರಿ ಆಕೆಯನ್ನು ಸೀಟಿನಲ್ಲಿ ಕೂರಿಸಿ, ಕಣ್ಣು ಮುಚ್ಚಿ ಎಡಗೈಯನ್ನು ಸುಮ್ಮನೆ ಇಳಿಬಿಡಲು ಹೇಳಿದರು. ಕೈ ಎಲ್ಲಿ ತಾನಾಗಿ ಬಂದು ನಿಂತಿತೋ ಅಲ್ಲಿಗೆ ಒಂದು ಬೆತ್ತ ಹಿಡಿದು ಸೀಮೆಸುಣ್ಣದಿಂದ ಗುರುತು ಮಾಡಿದರು. ಲಿವರಿನ ತಲೆ ಅಲ್ಲಿಂದ ಒಂದು ಗೇಣು ಹಿಂದಕ್ಕಿತ್ತು. ಪೆಡಲು ಎಟುಕಲೆಂದು ಆಕೆ ಸೀಟನ್ನು ಮುಂದಕ್ಕೆ ಎಳೆದುಕೊಂಡರೆ ಲಿವರು ಸೊಂಟದ ಪಕ್ಕಕ್ಕೆ ಬರುತ್ತಿತ್ತು. ಎರಡನೆಯದಕ್ಕೆ ಹಿಂದೆಳೆದರೆ ಮೊಣಕೈ ಸೀಟಿನ ಬೆನ್ನಿಗೆ ಬಡಿದು ಅಲ್ಲೇ ನಿಲ್ಲುತ್ತಿತ್ತು.

"ಕೈ ಬಗ್ಗಬೇಕಾಗಿಲ್ಲ ಮೇಡಂ, ಕಬ್ಬಿಣ ಬಗ್ಗುತ್ತೆ. ಅದಕ್ಕೇ ಅದು ಕಬ್ಬಿಣ" ಎಂದರು ಮೇಸ್ತ್ರಿ.

ಮೊದಲ ಗುರುವಾರ ಲಿವರನ್ನು ಬಿಚ್ಚಿ, ಕಾಯಿಸಿ, ಮುಂದಕ್ಕೆ ಬಾಗಿಸಿ, ಎರಡು ಬೆರಳಗಲ ಮೊಟಕು ಮಾಡಿದರು. ಎರಡನೆಯ ಗುರುವಾರ ಗಟ್ಟಿ ಸ್ಪ್ರಿಂಗು ತೆಗೆದು ಮೆದುವಾದದ್ದನ್ನು ಕೂರಿಸಿ, ಸವೆದ ಬಟ್ಟಲು ಬದಲಿಸಿದರು. ಮೂರನೆಯ ಗುರುವಾರ ಸರಳನ್ನು ಹೊಂದಿಸಿ, ಕೊನೆಗೆ ರಿವರ್ಸಿನ ತಡೆತಗಡಿಗೆ ಬಂದರು. ಆ ಕಾರಿನಲ್ಲಿ ರಿವರ್ಸು ಮೊದಲನೇ ಗೇರಿನ ಪಕ್ಕದ ಮನೆ. ಲಿವರನ್ನು ಕೆಳಕ್ಕೆ ಒತ್ತಿದರೆ ಮಾತ್ರ ಅತ್ತ ಹೋಗಬೇಕು, ಇಲ್ಲವಾದರೆ ಈ ಪುಟ್ಟ ತಗಡು ಅದನ್ನು ತಡೆಯಬೇಕು. ತಗಡನ್ನು ಸರಿಯಾದ ಜಾಗಕ್ಕೆ ತಂದು, ಎರಡು ನಟ್ಟು ಬಿಗಿದು, ಜಾಗ ತಪ್ಪಿದರೆ ಗೊತ್ತಾಗಲೆಂದು ಸೂಜಿಯಿಂದ ಒಂದು ಗೀರು ಎಳೆದರು. ಆಕೆ ಗೋದಾಮುಗಳ ಹಿಂದಿನ ಬಯಲಿನಲ್ಲಿ ಮೂರು ಸುತ್ತು ಹಾಕಿ ಬಂದರು. ಒಂದು, ಎರಡು, ಮೂರು ಗೇರುಗಳು ಕೂರುವುದು ಮೇಸ್ತ್ರಿಗೆ ಬಾಗಿಲಲ್ಲಿ ನಿಂತೇ ಕೇಳಿಸಿತು. ಎಲ್ಲ ಸರಿಯಾಗಿತ್ತು.

"ಚೆನ್ನಾಗಿದೆ... ಆದ್ರೆ ಮೂರನೇದು ಯಾಕೋ ಸ್ವಲ್ಪ ತಡೀತಿದೆ ಅನ್ಸುತ್ತೆ" ಎಂದರು ಆಕೆ.

ಮೇಸ್ತ್ರಿ ಗವಸು ಬಿಚ್ಚಿ ಲಿವರನ್ನು ಆಡಿಸಿದರು. ಮೂರನೆಯದು ಎಲ್ಲೂ ತಡೆಯುತ್ತಿರಲಿಲ್ಲ. ಗಿರಣಿಯ ಯಜಮಾನರಿಗೆ ಹೇಳಿದ ಹಾಗೆ ಈಕೆಗೂ ನೇರವಾಗಿ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅಷ್ಟರಲ್ಲಿ ಆಕೆ ಚೀಲದಿಂದ ಫ್ಲಾಸ್ಕು ತೆಗೆದು, ಎರಡು ಲೋಟ ಇಟ್ಟು, ಚಹಾ ಬಗ್ಗಿಸುತ್ತಿದ್ದರು. ಎರಡನೆಯ ಲೋಟವನ್ನು ಆಕೆ ಮನೆಯಿಂದ ಹೊರಡುವಾಗಲೇ ಇಟ್ಟುಕೊಂಡಿರಬೇಕು.

"ನೋಡೋಣ, ಇರಿ" ಎಂದರು ಮೇಸ್ತ್ರಿ. ಮುಂದಿನ ಗುರುವಾರ ಬರಲು ಹೇಳಿದರು.

ಹೀಗೆ ಶುರುವಾಯಿತು. ನಾಲ್ಕನೆಯ ಗುರುವಾರ, ಐದನೆಯದು, ಆರನೆಯದು. ಮೇಸ್ತ್ರಿ ಲಿವರಿನ ಬುಡದ ಚರ್ಮದ ಹೊದಿಕೆ ಎತ್ತುವರು, ಒಂದು ನಟ್ಟನ್ನು ಸಡಿಲಿಸುವರು, ಅದೇ ಜಾಗಕ್ಕೆ ಮತ್ತೆ ಬಿಗಿಯುವರು. ಆಕೆ ಮುರುಕು ಬೆತ್ತದ ಕುರ್ಚಿಯಲ್ಲಿ ಕೂತು ಮಾತಾಡುವರು. ನಕ್ಷೆಯಲ್ಲಿ ತಪ್ಪಿದ ಹೊಳೆಯೊಂದನ್ನು ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದದ್ದು ಹೇಗೆ. ಇನ್ನೂ ಆಗದ ರಸ್ತೆಗೆ ಚುಕ್ಕೆಗೆರೆ ಹಾಕಿಟ್ಟು ಹದಿನೆಂಟು ವರ್ಷವಾದರೂ ಆ ರಸ್ತೆ ಆಗದೆ, ಚುಕ್ಕೆಗಳೇ ಮಾಸಿಹೋದದ್ದು ಹೇಗೆ. ಗಂಡನ ಬೂಟುಗಳನ್ನು ಯಾರಿಗಾದರೂ ಕೊಡೋಣವೆಂದರೆ ಆ ಅಳತೆಯ ಕಾಲು ಊರಲ್ಲೇ ಇಲ್ಲದಿರುವುದು. ಕೇಳುತ್ತ ಕೇಳುತ್ತ ಮೇಸ್ತ್ರಿಯೂ ಬಾಯಿಬಿಟ್ಟರು. ಟ್ರಂಕಿನಲ್ಲಿರುವ ಬಲಗೈ ಗವಸುಗಳ ವಿಷಯ ಹೇಳಿದಾಗ ಆಕೆ ಎದ್ದು ನಿಂತು, "ತೋರ್ಸಿ, ನೋಡ್ಬೇಕು" ಎಂದರಂತೆ. ಇಪ್ಪತ್ತಮೂರನ್ನೂ ಹೊರತೆಗೆದು ಕಾರಿನ ಬಾನೆಟ್ಟಿನ ಮೇಲೆ ಸಾಲಾಗಿ ಹರವಿ, ಯಾವ ವರ್ಷ ತಂಗಿಯ ಹೆಣಿಗೆ ಬಿಗಿ, ಯಾವ ವರ್ಷ ಸಡಿಲ ಎಂದು ಆಕೆ ಬೆರಳಿಟ್ಟು ತೋರಿಸಿದರು. "ಈ ವರ್ಷ ಅವಳಿಗೆ ಮನಸ್ಸು ಸರಿ ಇರ್ಲಿಲ್ಲ ನೋಡಿ" ಎಂದರು ಒಂದನ್ನು ಹಿಡಿದು. ಮೇಸ್ತ್ರಿ ಲೆಕ್ಕ ಹಾಕಿದರು. ಅದು ತಂಗಿಯ ಎರಡನೆಯ ಕೂಸು ಹೋದ ವರ್ಷ. ತನ್ನ ಕೈಯಲ್ಲೇ ಇದ್ದದ್ದು ತನಗೇ ಗೊತ್ತಾಗದೆ ಹೋಯಿತಲ್ಲ ಎಂದುಕೊಂಡು, ಆ ಗವಸನ್ನು ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟರಂತೆ.

ಬುಧವಾರ ಸಂಜೆಗಳಲ್ಲಿ ಮೇಸ್ತ್ರಿ ಶೆಡ್ಡಿನ ನೆಲಕ್ಕೆ ನೀರು ಹಾಕಿ ಗುಡಿಸತೊಡಗಿದ್ದನ್ನು ನಾನು ಕಿಟಕಿಯಿಂದ ಕಂಡಿದ್ದೆ. ಒಂಟಿ ಕೈಯಲ್ಲಿ ಗುಡಿಸುವುದು ಸುಲಭವಲ್ಲ. ಕಸ ಅರ್ಧವೃತ್ತವಾಗಿ ಉಳಿದುಬಿಡುತ್ತಿತ್ತು.

ಎಂಟನೆಯ ಗುರುವಾರ ಆಕೆ ಬಯಲಿನಿಂದ ಹಿಂದಿರುಗಿ, ಕಾರಿನಿಂದ ಇಳಿಯದೆ, ಕಿಟಕಿಯಿಂದಲೇ ಹೇಳಿದರು: "ಇವತ್ತು ಎಲ್ಲ ಸರಿ ಇದೆ ಮೇಸ್ತ್ರಿಗಳೇ. ನಿಮಗೂ ಎಷ್ಟು ಅಂತ ತೊಂದ್ರೆ ಕೊಡೋದು? ಇನ್ನು ಸುಮ್ಸುಮ್ನೆ ಬರಲ್ಲ."

ಆ ಮಾತು ಬಿದ್ದ ಕ್ಷಣದಲ್ಲಿ ತಮ್ಮೊಳಗೆ ಏನಾಯಿತೆಂಬುದನ್ನು ಮೇಸ್ತ್ರಿ ನನಗೆ ಹೇಳಲು ನಾಲ್ಕೈದು ಸಲ ಪ್ರಯತ್ನಿಸಿದರು, ಒಮ್ಮೆಯೂ ಪೂರ್ತಿ ಮಾಡಲಿಲ್ಲ. "ಕೊನೇದಾಗಿ ಒಂದ್ಸಲ ನೋಡ್ಬಿಡ್ತೀನಿ, ಇಳೀರಿ" ಎಂದರಂತೆ. ಆಕೆ ಲೋಟ ತೊಳೆಯಲು ನಲ್ಲಿಯ ಕಡೆ ಹೋದರು. ಮೇಸ್ತ್ರಿ ಹೊದಿಕೆ ಎತ್ತಿ, ಹತ್ತರ ಪಾನಾ ಹಾಕಿ, ತಡೆತಗಡಿನ ಎರಡೂ ನಟ್ಟು ಸಡಿಲಿಸಿದರು. ಸೂಜಿಯ ಗೀರಿನಿಂದ ಉಗುರಿನ ದಪ್ಪದಷ್ಟು ಆಚೆಗೆ ತಗಡನ್ನು ಸರಿಸಿದರು. ಬಿಗಿದರು. ಈಗ ಲಿವರು ಹತ್ತು ಸಲಕ್ಕೆ ಒಂಬತ್ತು ಸಲ ನೆಟ್ಟಗೆ ಹೋಗುತ್ತದೆ, ಒಂದು ಸಲ ತೊಡರುತ್ತದೆ. ತೊಡರಿದರೆ ಆಕೆ ಬರುತ್ತಾರೆ. ಅಷ್ಟೇ ಅವರು ಯೋಚಿಸಿದ್ದು. ನಲವತ್ತು ವರ್ಷ ಯಾವ ಗೇರನ್ನೂ ಬೇಕೆಂದೇ ಕೆಡಿಸದ ಕೈ ಅದನ್ನೂ ಎಂದಿನಷ್ಟೇ ಅಚ್ಚುಕಟ್ಟಾಗಿ ಬಿಗಿಯಿತು, ಅದೇ ತಮಗೆ ಇಂದಿಗೂ ಆಶ್ಚರ್ಯ ಎಂದರು.

ಮುಂದಿನ ಗುರುವಾರ ನಾಲ್ಕಾಯಿತು, ಐದಾಯಿತು, ಕಾರು ಬರಲಿಲ್ಲ. ಶುಕ್ರವಾರ ಬೆಳಿಗ್ಗೆ ಆಕೆ ನಡೆದುಕೊಂಡು ಬಂದರು. ಕೈಯಲ್ಲಿ ಫ್ಲಾಸ್ಕಿರಲಿಲ್ಲ, ಕಾರಿನ ಕೀಲಿಕೈ ಇತ್ತು. ಅದನ್ನು ಕೆಲಸದ ಮೇಜಿನ ಮೇಲಿಟ್ಟು, ನಿಂತೇ ಹೇಳಿದರು.

ಸೋಮವಾರ ಏರುರಸ್ತೆಯ ಸಿಗ್ನಲಿನಲ್ಲಿ ನಿಂತಿದ್ದರಂತೆ. ಹಸಿರು ದೀಪ ಬಂತು. ಮೊದಲನೇ ಗೇರು ಹಾಕಿ ಕ್ಲಚ್ಚು ಬಿಟ್ಟರು. ಕಾರು ಮುಂದೆ ಹೋಗುವ ಬದಲು ಹಿಂದಕ್ಕೆ ನುಗ್ಗಿತು. ಹಿಂದೆ ಸೈಕಲ್ಲಿನ ಮೇಲೆ ಸೋಡಾ ಬಾಟಲಿಗಳ ಪೆಟ್ಟಿಗೆ ಹೇರಿಕೊಂಡು ನಿಂತಿದ್ದ ಮನುಷ್ಯ ಪಕ್ಕಕ್ಕೆ ಹಾರಿದ್ದರಿಂದ ಉಳಿದ. ಸೈಕಲ್ಲು ಚಕ್ರದಡಿ ಸಿಕ್ಕಿ ಅಪ್ಪಚ್ಚಿಯಾಯಿತು, ಅವನ ಮಂಡಿ ತರಚಿತು, ರಸ್ತೆಯ ತುಂಬ ಗಾಜು.

"ಇನ್ನೊಂದು ಗೇಣು ಮೇಸ್ತ್ರಿಗಳೇ. ಇನ್ನೊಂದೇ ಗೇಣು." ಆಕೆ ಮೇಜಿನ ಮೇಲೆ ಗೇಣು ಅಳೆದು ತೋರಿಸಿದರು. "ಮನೆಗೆ ಬಂದು ನಮ್ಮಣ್ಣ ಬೈದ, ಈ ವಯಸ್ಸಲ್ಲಿ ಈ ಹುಚ್ಚು ಬೇಕಿತ್ತಾ ಅಂತ. ಸರಿಯಾಗೇ ಹೇಳ್ದ. ಇವ್ರೂ ಹೇಳ್ತಾನೇ ಇದ್ರು, ನಿನ್ನ ಕೈಗೆ ಬಗ್ಗಲ್ಲ ಅಂತ. ನೀವು ಕಾರು ಸರಿ ಮಾಡಿದ್ರಿ, ನನ್ನ ಕೈನೇ ಸರಿ ಇಲ್ಲ. ಯಾರಾದ್ರೂ ಒಳ್ಳೆಯವರು ಸಿಕ್ಕಿದ್ರೆ ಮಾರಿಸ್ಬಿಡಿ."

ಮೇಸ್ತ್ರಿಯ ಮುಂದೆ ಆಗ ಒಂದು ಸುಲಭದ ದಾರಿಯಿತ್ತು. ನಟ್ಟು ತಾನಾಗಿ ಸಡಿಲವಾಗಿರಬೇಕು, ಹಳೆಯ ಕಾರು, ಹೀಗಾಗುವುದುಂಟು ಎಂದುಬಿಟ್ಟರೆ ಆಕೆಯ ಮನಸ್ಸಿನ ಭಾರವೂ ಇಳಿಯುತ್ತಿತ್ತು, ಗುರುವಾರಗಳೂ ಉಳಿಯುತ್ತಿದ್ದವು. ಸಾಕ್ಷಿ ಹೇಳಲು ಮೂರನೆಯವರಿರಲಿಲ್ಲ. "ನೋಡೋ..." ಎಂದು ಬಾಯಿ ತೆರೆದವರು ಅಲ್ಲಿಗೇ ನಿಲ್ಲಿಸಿದರು. ಕೀಲಿಕೈ ಎತ್ತಿಕೊಂಡು, ಪಾನಾ ಜೇಬಿಗಿಳಿಸಿ, "ಕಾರು ಎಲ್ಲಿದೆ ಮೇಡಂ? ನಡೀರಿ" ಎಂದರು. ಯಾವ ಗಿರಾಕಿಯ ಮನೆಗೂ ಕಾಲಿಡದ ಮನುಷ್ಯ ಅಂದು ಬೆಳಗಿನ ಬಿಸಿಲಲ್ಲಿ ನಾಲ್ಕು ಕಿಲೋಮೀಟರು, ಆಕೆಯ ಹಿಂದೆ ಹತ್ತು ಹೆಜ್ಜೆ ಅಂತರದಲ್ಲಿ, ಗೋಡೆಗಳ ಪಕ್ಕದಲ್ಲೇ ನಡೆದರು.

ಕಾರು ಮನೆಯ ಮುಂದಿನ ಮಾಡಿನ ಕೆಳಗೆ ನಿಂತಿತ್ತು. ಮೇಸ್ತ್ರಿ ಗವಸು ಬಿಚ್ಚಿ, ಹೊದಿಕೆ ಎತ್ತಿ, ಒಳಗೆ ಬೆಳಕು ಬೀಳುವಂತೆ ಬಾಗಿಲನ್ನು ಪೂರ್ತಿ ತೆರೆದು, "ಇಲ್ಲಿ ನೋಡಿ ಮೇಡಂ. ನಿಮಗೆ ಗೆರೆ ನೋಡೋದು ಗೊತ್ತು" ಎಂದರು.

ಆಕೆ ಬಗ್ಗಿ ನೋಡಿದರು. ಕೂದಲೆಳೆಯಂಥ ಸೂಜಿಗೀರು, ತಗಡಿನ ಮೇಲೆ ಅರ್ಧ, ಕೆಳಗಿನ ಕಬ್ಬಿಣದ ಮೇಲೆ ಅರ್ಧ. ಎರಡೂ ಅರ್ಧಗಳು ಕೂಡುತ್ತಿರಲಿಲ್ಲ.

"ಜರುಗಿದೆ" ಎಂದರು ಆಕೆ.

"ಜರುಗಿಲ್ಲ. ನಟ್ಟು ಎರಡೂ ಬಿಗಿ ಇದೆ, ಮುಟ್ಟಿ ನೋಡಿ. ನಾನು ಜರುಗಿಸಿದ್ದು. ಹೋದ ಗುರುವಾರ, ನೀವು ಲೋಟ ತೊಳೀತಿದ್ದಾಗ. ಆ ಸಿಗ್ನಲಲ್ಲಿ ನಿಮ್ಮ ಕೈ ಸರಿಯಾಗೇ ಹೋಗಿದೆ ಮೇಡಂ. ಕೆಟ್ಟದ್ದು ನನ್ನ ಕೈ."

"ಯಾಕೆ?"

ಮೇಸ್ತ್ರಿ ಹೊದಿಕೆಯ ಅಂಚನ್ನು ಮಡಿಸಿಟ್ಟರು. ಆಮೇಲೆ ಹೇಳಿದರು: "ಇನ್ನು ಬರಲ್ಲ ಅಂದ್ರಲ್ಲ."

ಆಕೆ ನೆಟ್ಟಗೆ ನಿಂತು ಸೆರಗಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಕೋಪಗೊಳ್ಳಲೆಂದೋ ಅಳಲೆಂದೋ ಮುಖ ಸಿದ್ಧವಾಗುತ್ತಿದ್ದು, ಎರಡೂ ಆಗದೆ, ಬರಿದಾಗಿ ಉಳಿಯಿತು.

"ಆ ಬಾಟಲಿ ಮನುಷ್ಯ ಸತ್ತಿದ್ರೆ?"

 ನನಗೆ ಈ ಕಥೆ ಹೇಳುವಾಗ ಮೇಸ್ತ್ರಿ ಇಲ್ಲಿಗೆ ಬಂದು ಎದ್ದುಹೋದರು, ಉಳಿದದ್ದನ್ನು ಹೇಳಿದ್ದು ಇನ್ನೊಂದು ತಿಂಗಳಿಗೆ.

"ಸರಿ ಮಾಡಿ" ಎಂದರು ಆಕೆ.

ಮೇಸ್ತ್ರಿ ತಗಡನ್ನು ಗೀರಿಗೆ ತಂದು ಬಿಗಿದರು. ಆಕೆ ಪೂರ್ತಿ ಹೊತ್ತು ಪಕ್ಕದಲ್ಲೇ ನಿಂತು ನೋಡಿದರು. ಮುಗಿದ ಮೇಲೆ ಕೇಳಿದರು: "ಮೂರನೇ ಗುರುವಾರಕ್ಕೇ ಎಲ್ಲ ಸರಿ ಹೋಗಿತ್ತು, ಅಲ್ವಾ?"

"ಹೌದು."

"ನಂಗೂ ಗೊತ್ತಿತ್ತು."

 ಆಕೆ ಸ್ಟಿಯರಿಂಗಿನ ಹಿಂದೆ ಕೂತು, ಎಡಸೀಟಿನತ್ತ ಕಣ್ಣು ಮಾಡಿ "ಹತ್ತಿ" ಎಂದರು. ಮೇಸ್ತ್ರಿ ಕೂತರು. ಕಾರು ಗೇಟು ದಾಟಿತು. ಎರಡನೆಯದು ಕೂತಿತು, ಮೂರನೆಯದು ಕೂತಿತು. ಏರುರಸ್ತೆಯ ಅದೇ ಸಿಗ್ನಲಿನಲ್ಲಿ ಕೆಂಪು ದೀಪ ಬಿತ್ತು. ಆಕೆ ಕೈಯನ್ನು ಲಿವರಿನ ಮೇಲಿಟ್ಟುಕೊಂಡರು. ಹಸಿರಾದಾಗ ಒಂದು ಕ್ಷಣ ಉಸಿರು ಹಿಡಿದು, ಮೊದಲನೆಯದಕ್ಕೆ ಹಾಕಿ, ಕ್ಲಚ್ಚು ಬಿಟ್ಟರು. ಕಾರು ಮುಂದಕ್ಕೆ ಹೋಯಿತು. ಆಕೆ ಉಸಿರು ಬಿಟ್ಟರು. ಆ ಉಸಿರಿನಲ್ಲಿ ಎರಡು ಲೋಟ ಚಹಾದ ಕಾಲ ಮುಗಿದುಹೋದದ್ದು ತಮಗೆ ಗೊತ್ತಾಯಿತೆಂದು ಮೇಸ್ತ್ರಿ ಹೇಳಿದರು.

ಓಣಿಯ ತುದಿಯಲ್ಲಿ ಇಂಜಿನ್ನು ಆರಿಸದೆಯೇ ಕಾರು ನಿಲ್ಲಿಸಿದರು. ಮೇಸ್ತ್ರಿ ಇಳಿದರು.

"ಕ್ಷಮಿಸ್ತೀನೋ ಇಲ್ವೋ ನಂಗೇ ಗೊತ್ತಿಲ್ಲ ಮೇಸ್ತ್ರಿಗಳೇ. ನೀವು ಹೇಳ್ದೇ ಇದ್ದಿದ್ರೆ ನಾನು ಸಾಯೋವರೆಗೂ ಇನ್ನೊಂದು ಸಲ ಸ್ಟಿಯರಿಂಗ್ ಮುಟ್ತಿರ್ಲಿಲ್ಲ, ಅದು ಗೊತ್ತು." ಸ್ವಲ್ಪ ತಡೆದು, "ಕಾರು ಮಾರಲ್ಲ" ಎಂದರು.

ಹೊರಟುಹೋದರು. ಮೇಸ್ತ್ರಿ ಅಲ್ಲೇ ನಿಂತು, ಕಾರು ಗೋದಾಮುಗಳ ಆಚೆ ಮರೆಯಾಗಿ ದೊಡ್ಡ ರಸ್ತೆಗೆ ಸೇರಿ ನಾಲ್ಕನೆಯದಕ್ಕೆ ಬೀಳುವವರೆಗೂ ಕೇಳಿಸಿಕೊಂಡರು. ತಿದ್ದಿಕೊಂಡು ನನಗೆ ಹೇಳಿದರು: "ಬೀಳೋದಲ್ಲ. ಕೂರೋದು."

ಅದೇ ವಾರ ಅವರು ಬಾಟಲಿಯವನನ್ನು ಹುಡುಕಿಕೊಂಡು ಹೋಗಿ, ನಡೆದದ್ದೆಲ್ಲವನ್ನೂ ಹೇಳಿ, ಶೆಡ್ಡಿನ ಮೂಲೆಯಲ್ಲಿ ಬಳಕೆಯಿಲ್ಲದೆ ನಿಂತಿದ್ದ ತಮ್ಮ ಸೈಕಲ್ಲನ್ನು ಅವನಿಗೆ ಕೊಟ್ಟು ಬಂದರು. ಅವನು ಅರ್ಧ ಗಂಟೆ ಬೈದು ಆಮೇಲೆ ಕೂರಿಸಿ ಸೋಡಾ ಕೊಟ್ಟನಂತೆ. ಕಾರು ಮತ್ತೆ ಬರಲಿಲ್ಲ. ಗುಡ್ಡದ ರಸ್ತೆಯಲ್ಲಿ, ಸೇತುವೆಯ ಆಚೆಯ ಊರಿನಲ್ಲಿ, ಒಮ್ಮೆ ರಾಜ್ಯದ ಗಡಿಯ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ದಾಳಿಂಬೆ ಬಣ್ಣದ ಕಾರನ್ನು, ಅದರೊಳಗೆ ಕುತ್ತಿಗೆ ಉದ್ದ ಮಾಡಿಕೊಂಡ ಪುಟ್ಟ ಹೆಂಗಸನ್ನು ಕಂಡೆವೆಂದು ಗಿರಾಕಿಗಳು ಬಂದು ಹೇಳುತ್ತಿದ್ದರು. ಗೇರಿನ ಸದ್ದು ಹೇಗಿತ್ತು ಎಂದಷ್ಟೇ ಮೇಸ್ತ್ರಿ ಕೇಳುತ್ತಿದ್ದರು. ಕೆಲಸ ಮುಗಿದ ಯಾವ ಕಾರನ್ನೂ ಆಮೇಲೆ ಅವರು ತಾವಾಗಿ ಸರಿ ಎನ್ನಲಿಲ್ಲ. ಒಡೆಯರನ್ನೇ ಬಗ್ಗಿಸಿ ಗೀರನ್ನು ತೋರಿಸಿ, "ಕೂಡಿದೆಯಾ ನೋಡ್ಕೊಳ್ಳಿ" ಎಂದು, ಕೂಡಿದೆಯೆಂದು ಅವರಿಂದಲೇ ಬಾಯಿಬಿಟ್ಟು ಹೇಳಿಸಿಕೊಂಡ ಮೇಲೆಯೇ ಕೀಲಿಕೈ ಕೊಡುತ್ತಿದ್ದರು. ಆಕೆಯ ನೆನಪಾಗುತ್ತದೆಯೇ ಎಂದು ನಾನು ಒಮ್ಮೆ, ಒಮ್ಮೆ ಮಾತ್ರ, ಕೇಳಿದೆ. ಯಾವ ಪೀಠಿಕೆಯೂ ಇಲ್ಲದೆ ಉತ್ತರ ಬಂತು. "ಕೆಲಸ ಸರಿಯಾದ್ರೆ ಜನ ಬರಲ್ಲ ಸ್ವಾಮಿ. ಬರಲ್ಲ ಅಂದ್ರೇನೇ ಸರಿಯಾಗಿದೆ ಅಂತ."

ದುರಸ್ತಿಯನ್ನೇ ಬಾಳಾಗಿಸಿಕೊಂಡ ಈ ಕುಲದ ಪಾಡು ವಿಚಿತ್ರವಾದದ್ದು. ಹಾಡುವವನ ಕಂಠ ಕುದುರಿದಷ್ಟೂ ಕೇಳುವವರು ಹತ್ತಿರ ಸರಿಯುತ್ತಾರೆ, ಅಡುಗೆಯವನ ಕೈರುಚಿ ಹೆಚ್ಚಿದಷ್ಟೂ ಎಲೆಗಳ ಸಾಲು ಬೆಳೆಯುತ್ತದೆ; ಇವರಿಗೋ ಕೆಲಸ ಪರಿಪೂರ್ಣವಾದಷ್ಟೂ ಅಂಗಳ ಬರಿದಾಗುತ್ತದೆ. ನಮ್ಮ ಬದುಕಿನೊಳಗೆ ಇವರು ಪ್ರವೇಶಿಸುವುದು ಏನೋ ಕೆಟ್ಟಾಗ, ಅದು ನೆಟ್ಟಗಾದ ಗಳಿಗೆಯಲ್ಲೇ ನಿರ್ಗಮನ. ಅರ್ಧ ಸುತ್ತು ಸಡಿಲ ಬಿಟ್ಟು ನಮ್ಮನ್ನು ಇನ್ನೊಮ್ಮೆ ಕರೆಸಿಕೊಳ್ಳುವ ಆಸೆ ಇವರಲ್ಲಿ ಯಾರಿಗೂ ಎಂದೂ ಬಂದಿಲ್ಲವೆಂದು ನಾನು ನಂಬಲಾರೆ. ಆ ಆಸೆಯನ್ನು ನುಂಗಿಕೊಂಡು, ಬಿಗಿಯಬೇಕಾದಷ್ಟು ಬಿಗಿದು, ನಮ್ಮನ್ನು ಕಳಿಸಿಕೊಟ್ಟವರು ಎಷ್ಟು ಮಂದಿಯೋ ನಮಗೆ ತಿಳಿಯದು. ತಿಳಿಯದೆ ಇರುವುದರಿಂದಲೇ ನಾವು ಇಷ್ಟು ನಿಶ್ಚಿಂತರಾಗಿ ದೂರ ಹೋಗುತ್ತಿರುತ್ತೇವೆ.